ಸ್ಕ್ರಮ್ ಬರಿಯ ನೂಕಾಟವಲ್ಲ

ಇಂಗ್ಲೆಂಡಿನ ಹದಿನಾರರೊಳಗಿನ ಹುಡುಗರ ಭಾನುವಾರದ ರಗ್ಬಿ ಪಂದ್ಯದ ಬಗೆಗಿನ ನಿಮ್ಮ ನಗೆಬರಹ ಓದಿ ಮನಸಾರೆ ನಕ್ಕೆ. ಕೆಸರಿನಲ್ಲಿ ಹೂತುಹೋದ ಬೂಟಿನ ಪ್ರಸಂಗವಂತೂ ಸೊಗಸಾಗಿದೆ. ಆದರೆ ಸ್ಕ್ರಮ್ ಬಗ್ಗೆ, ಅಂದರೆ ಚೆಂಡಿಗಾಗಿ ಎರಡೂ ತಂಡಗಳ ಎಂಟೆಂಟು ಆಟಗಾರರು ಬಗ್ಗಿ ಹೆಣೆದುಕೊಂಡು ಪರಸ್ಪರ ತಳ್ಳುವುದರ ಬಗ್ಗೆ, ನೀವು ಬರೆದ "ಸ್ಕ್ರಮ್ ಎಂದರೆ ದಪ್ಪ ಹುಡುಗರು ತೆಳ್ಳಗಿನವರನ್ನು ಮೈದಾನದ ಆಚೆಗೆ ನೂಕಿಕೊಂಡು ಹೋಗುವುದು" ಎಂಬ ಮಾತನ್ನು ನಾನು ಒಪ್ಪಲಾರೆ. ಹತ್ತೊಂಬತ್ತರೊಳಗಿನವರ ನಿಯಮದ ಪ್ರಕಾರ ಎದುರಾಳಿಗಳನ್ನು 1.5 ಮೀಟರಿಗಿಂತ ಹೆಚ್ಚು ಹಿಂದಕ್ಕೆ ತಳ್ಳುವಂತಿಲ್ಲ. ಸ್ಕ್ರಮ್‌ನಲ್ಲಿ ಎದುರಾಳಿಗಳಿಗೆ ನೇರವಾಗಿ ಹೆಗಲು ಕೊಡುವ ಮೂವರ ಮುಂದಿನ ಸಾಲಿಗೆ ತರಬೇತಿ ಪಡೆದ ಆಟಗಾರರು ಸಾಕಷ್ಟು ಇಲ್ಲದಿದ್ದರೆ ತಳ್ಳಾಟವೇ ಇಲ್ಲದ ಸ್ಕ್ರಮ್ ನಡೆಸಬೇಕು. ಟ್ಯಾಕಲ್, ಅಂದರೆ ಚೆಂಡು ಹಿಡಿದು ಓಡುವವನನ್ನು ಹಿಡಿದು ಕೆಡವುವ ವಿಷಯದಲ್ಲೂ ಅಷ್ಟೆ: 2023ರಿಂದ ಅಲ್ಲಿನ ಕ್ಲಬ್ ಮತ್ತು ಶಾಲಾ ಮಟ್ಟದ ಆಟದಲ್ಲಿ ಎದೆಮೂಳೆಯ ಕೆಳತುದಿಗಿಂತ ಮೇಲೆ ಹಿಡಿದರೆ ಎದುರಾಳಿ ತಂಡಕ್ಕೆ ಪೆನಾಲ್ಟಿ ಸಿಗುತ್ತದೆ.

ನನ್ನ ಮಗ ಇಲ್ಲಿ ಮುಂದಿನ ಸಾಲಿನಲ್ಲೇ ಆಡುತ್ತಾನೆ. ರೆಫರಿ "ಕ್ರೌಚ್" ಎಂದಾಗ ಮಂಡಿ ಬಗ್ಗಿಸಿ, "ಬೈಂಡ್" ಎಂದಾಗ ಎದುರಾಳಿಯ ಜೆರ್ಸಿಯನ್ನು ಮುಷ್ಟಿ ತುಂಬ ಹಿಡಿದು, ಬೆನ್ನನ್ನು ಹಲಗೆಯಂತೆ ನೇರವಾಗಿಟ್ಟುಕೊಂಡು, "ಸೆಟ್" ಎನ್ನುವವರೆಗೆ ಕದಲದೆ ಕಾಯುವುದನ್ನು ಕಲಿಯಲು ಅವನಿಗೆ ಒಂದು ಇಡೀ ಚಳಿಗಾಲ ಬೇಕಾಯಿತು. ಸ್ಕ್ರಮ್‌ನಲ್ಲಿ ಗೆಲ್ಲುವುದು ದೇಹದ ತೂಕಕ್ಕಿಂತ ಹೆಚ್ಚಾಗಿ ಕಾಲಿನ ನೆಲೆ ಮತ್ತು ಎಂಟು ಜನರ ಒಟ್ಟು ಒತ್ತಡ. ನಿಮ್ಮ ಬರಹವನ್ನು ಓದಿದ ಊರಿನ ತಾಯಿ-ತಂದೆಯರು ಹೆದರಿ ಮಕ್ಕಳನ್ನು ಈ ಆಟದಿಂದ ದೂರವಿಡಬಾರದೆಂಬುದೇ ನನ್ನ ಕಳಕಳಿ. ಮುಂದಿನ ಬಾರಿ, ನಿಯಮ ತಿಳಿಯದೆ ಅಂಚಿನಲ್ಲಿ ನಿಂತು ರೆಫರಿಯ ಮೇಲೆ ಕೂಗಾಡುವ ಪೋಷಕರ ಬಗ್ಗೆ ದಯವಿಟ್ಟು ಬರೆಯಿರಿ.