ಹೈಸ್ಕೂಲಿನಲ್ಲಿ ತೆರೆದ ದಾರಿ ಪಿಯುಸಿಗೆ ಬರುವಾಗ ಯಾಕೆ ಮುಚ್ಚಬೇಕು?

ನಮ್ಮಕ್ಕನ ಮಗಳು ಓದಿದ್ದು ಸರ್ಕಾರಿ ಹೈಸ್ಕೂಲಿನಲ್ಲಿ. ಒಂಬತ್ತನೇ ಕ್ಲಾಸಿಗೆ ಹಿಂದಿ ಬಿಟ್ಟು ಆಟೊಮೊಬೈಲ್ ತಗೊಂಡಳು. ನಮ್ಮ ರಾಜ್ಯದ ಕೆಲವು ಹೈಸ್ಕೂಲುಗಳಲ್ಲಿ ಈ ಅವಕಾಶ ಇದೆ. ಇದಕ್ಕೆ ಎನ್‌ಎಸ್‌ಕ್ಯೂಎಫ್ ಅಂತಾರೆ. ಮೂರನೇ ಭಾಷೆಯ ಬದಲು ಐಟಿ, ರೀಟೇಲ್, ಬ್ಯೂಟಿ ಅಂಡ್ ವೆಲ್‌ನೆಸ್, ಹೀಗೆ ಆ ಶಾಲೆಯಲ್ಲಿ ಯಾವುದಿದೆಯೋ ಅದನ್ನು ಓದಬಹುದು. ಎಸ್ಸೆಸ್ಸೆಲ್ಸಿಯಲ್ಲೂ ಅದರದ್ದೇ ಪರೀಕ್ಷೆ.

ಆ ಎರಡು ವರ್ಷ ಅವಳ ಖುಷಿ ನೋಡಬೇಕಿತ್ತು. ಭಾವನ ಹಳೇ ಗಾಡಿ ಮುಂದೆ ಕೂತು, "ಚಿಕ್ಕಮ್ಮಾ, ಚೋಕ್ ಎಳೆದರೆ ಒಳಗೆ ಏನಾಗುತ್ತೆ ಗೊತ್ತಾ?" ಅಂತ ನನಗೇ ಪಾಠ ಮಾಡುತ್ತಿದ್ದಳು.

ಎಸ್ಸೆಸ್ಸೆಲ್ಸಿ ಮುಗಿಯಿತು. ಪಿಯುಸಿಯಲ್ಲೂ ಆಟೊಮೊಬೈಲ್ ಇದೆ, ಆದರೆ ಎಲ್ಲ ಕಾಲೇಜಿನಲ್ಲಿ ಇಲ್ಲ. ನಮ್ಮ ಊರಿನ ಕಾಲೇಜಿನಲ್ಲಂತೂ ಇರಲಿಲ್ಲ. ಒಳ್ಳೆ ಮಾರ್ಕ್ಸ್ ಬಂದಿತ್ತಲ್ವಾ, ಮನೆಯವರೆಲ್ಲ ಸೇರಿ ಪಿಸಿಎಂಬಿಗೆ ಸೇರಿಸಿದೆವು. ನಾನೂ ಹೂಂ ಅಂದೆ.

ಐಟಿಐ ಯೋಚನೆ ಯಾರಿಗೂ ಬರಲಿಲ್ಲ. ಫೇಲಾದವರು ಹೋಗುವ ಜಾಗ ಅಂತ ನಮ್ಮ ತಲೆಯಲ್ಲಿ ಕೂತುಬಿಟ್ಟಿದೆ. ಎರಡು ವರ್ಷದ ಐಟಿಐ ಮುಗಿಸಿದರೆ ಡಿಪ್ಲೊಮಾದ ಎರಡನೇ ವರ್ಷಕ್ಕೆ ನೇರ ಸೇರಬಹುದು. ಡಿಪ್ಲೊಮಾ ಆದಮೇಲೆ ಡಿಸಿಇಟಿ ಅನ್ನುವ ಪ್ರವೇಶ ಪರೀಕ್ಷೆ ಬರೆದು ಇಂಜಿನಿಯರಿಂಗ್‌ನ ಎರಡನೇ ವರ್ಷಕ್ಕೂ ಹೋಗಬಹುದು. ಸರ್ಕಾರವೇ ಮಾಡಿಟ್ಟ ದಾರಿ ಇದು. ನಮಗೆ ಗೊತ್ತಾಗಿದ್ದು ಒಂದು ವರ್ಷ ಕಳೆದಮೇಲೆ, ಪಕ್ಕದ ಬೀದಿಯ ಪಾಲಿಟೆಕ್ನಿಕ್ ಮೇಷ್ಟ್ರಿಂದ. ಒಂಬತ್ತನೇ ಕ್ಲಾಸಿನಲ್ಲಿ ಆಟೊಮೊಬೈಲ್ ತಗೊಳ್ಳುವಾಗ ಫಾರಂಗೆ ಸಹಿ ಹಾಕಿಸಿಕೊಂಡ ದಿನವೇ ಶಾಲೆಯವರು ಇದನ್ನು ಅಕ್ಕ-ಭಾವನಿಗೆ ಹೇಳಬೇಕಿತ್ತು.

ಹಿಂದೆ ಪಿಯು ಕಾಲೇಜುಗಳಲ್ಲಿ ಜೆಒಸಿ ಅಂತ ಕೆಲಸ ಕಲಿಸುವ ಕೋರ್ಸ್‌ಗಳಿದ್ದವು. ಅವೂ ನಿಂತುಹೋದವು. ಪ್ರತಿ ಸಲ ಮಕ್ಕಳ ಕೈಗೆ ಒಂದು ಕೆಲಸ ಕೊಟ್ಟು ಅರ್ಧಕ್ಕೇ ಕಿತ್ತುಕೊಂಡರೆ ಹೇಗೆ? ಹೈಸ್ಕೂಲಿನಲ್ಲಿ ಒಂದು ವಿಷಯ ಶುರು ಮಾಡುವಾಗಲೇ, ಅದೇ ತಾಲ್ಲೂಕಿನ ಒಂದಾದರೂ ಪಿಯು ಕಾಲೇಜಿನಲ್ಲಿ ಅದನ್ನು ಮುಂದುವರಿಸುವ ವ್ಯವಸ್ಥೆ ಆಗಬೇಕು. ಬಸ್ ಹತ್ತಿ ಜಿಲ್ಲಾ ಕೇಂದ್ರಕ್ಕೆ ಹೋಗು ಅಂದರೆ ಎಷ್ಟು ಮನೆಗಳಲ್ಲಿ ಹೆಣ್ಣುಮಕ್ಕಳನ್ನು ಕಳಿಸುತ್ತಾರೆ?

ಅವಳೀಗ ಸೆಕೆಂಡ್ ಪಿಯುಸಿ. ಸೈನ್ಸ್ ಪಾಸಾದವರಿಗೂ ಡಿಪ್ಲೊಮಾ ಎರಡನೇ ವರ್ಷಕ್ಕೆ ನೇರ ಪ್ರವೇಶ ಇದೆ ಅಂತ ತಿಳಿದಾಗಿನಿಂದ ಆಟೊಮೊಬೈಲ್ ಇರುವ ಪಾಲಿಟೆಕ್ನಿಕ್ ಹುಡುಕುತ್ತಿದ್ದಾಳೆ. ಹುಡುಗಿಯರ ಹಾಸ್ಟೆಲ್ ಹತ್ತಿರ ಇರುವಂಥದ್ದು ನಿಮಗೆ ಗೊತ್ತಿದ್ದರೆ ದಯವಿಟ್ಟು ತಿಳಿಸಿ.