ಪರ-ವಿರೋಧ: ಎಳೆಯ ಮಕ್ಕಳ ಕಲಿಕೆಗೆ ಅವರವರ ಊರು, ಮನೆ, ಗುರುತುಗಳೇ ಬುನಾದಿಯಾಗಬೇಕೇ?

ಪರ: ಬರಿಗೈಯಲ್ಲಿ ಬರುವ ಮಗುವಿಲ್ಲ

ಈ ಪಕ್ಷವನ್ನು ನಾನಾಗಿ ಆರಿಸಿಕೊಂಡದ್ದಲ್ಲ. ಶಿಕ್ಷಕಿಯರ ತರಬೇತಿಯಲ್ಲಿ ಇದನ್ನೇ ಪಾಠ ಮಾಡುತ್ತೀರಲ್ಲ, ನೀವೇ ಬರೆಯಿರಿ ಎಂದರು. ಮುಕ್ಕಾಲು ಪಾಲು ಒಪ್ಪಿ ಬರೆಯುತ್ತಿದ್ದೇನೆ, ಉಳಿದ ಕಾಲು ಪಾಲು ಅಭ್ಯಾಸಬಲ.

ಮೂರು ವರ್ಷದ ಮಗು ತರಗತಿಯ ಹೊಸಿಲು ದಾಟುವ ಹೊತ್ತಿಗೆ ಒಂದು ಭಾಷೆಯಲ್ಲಿ ಹಟ ಮಾಡುವಷ್ಟು, ಸುಳ್ಳು ಹೇಳುವಷ್ಟು ಪಳಗಿರುತ್ತದೆ. ಯಾರನ್ನು ಹೇಗೆ ಕರೆಯಬೇಕು, ಯಾವ ಮಾತಿಗೆ ಬೈಗುಳ ಬೀಳುತ್ತದೆ, ರಸ್ತೆಯ ಯಾವ ತಿರುವಿನಲ್ಲಿ ದೊಡ್ಡವರ ಕೈ ಹಿಡಿಯಬೇಕು ಎಂಬುದೆಲ್ಲ ಅದಕ್ಕೆ ಗೊತ್ತು. ಇಷ್ಟು ಬಲ್ಲ ಮಗುವನ್ನು ಕೂರಿಸಿಕೊಂಡು, ಇದುವರೆಗೆ ಕಲಿತದ್ದು ಹೊರಗಿರಲಿ, ಇನ್ನು ನಾವು ಹೇಳಿದ್ದು ಕಲಿ ಎನ್ನುವುದು ಇದ್ದ ಬಂಡವಾಳವನ್ನು ಬಾಗಿಲಲ್ಲೇ ಸುರಿದಂತೆ. ಮಗು ಬರಿಗೈಯಲ್ಲಿ ಬರುವುದಿಲ್ಲ. ತರಬೇತಿಯ ಮೊದಲ ದಿನವೂ ಇದನ್ನೇ ಹೇಳುತ್ತೇನೆ, ಕೊನೆಯ ದಿನವೂ ಇದನ್ನೇ.

ಬಾಗಿಲಲ್ಲೇ ಸುರಿದರೆ ಏನಾಗುತ್ತದೆ ಎಂಬುದಕ್ಕೆ ನ್ಯೂಜಿಲೆಂಡ್ ಸಾಕ್ಷಿ. ಅಲ್ಲಿ ಶಾಲೆಯಲ್ಲಿ ಮೂಲನಿವಾಸಿಗಳ ಭಾಷೆಯಾದ ಮಾವೊರಿ ಮಾತಾಡಿದ ಮಕ್ಕಳಿಗೆ ಏಟು ಬೀಳುತ್ತಿದ್ದ ಕಾಲವೊಂದಿತ್ತು. ಏಟು ತಿಂದು ಬೆಳೆದವರಲ್ಲಿ ಎಷ್ಟೋ ಮಂದಿ ತಮ್ಮ ಮಕ್ಕಳೊಂದಿಗೆ ಇಂಗ್ಲಿಷನ್ನೇ ಆಡಿದರು. 1970ರ ದಶಕದ ಹೊತ್ತಿಗೆ ಆ ಭಾಷೆಯನ್ನು ಸರಾಗವಾಗಿ ಆಡುವವರು ಬಹುಪಾಲು ವಯಸ್ಸಾದವರೇ ಆಗಿದ್ದರು. ಆಗ ಆ ಜನ ಕೈಹಾಕಿದ್ದು ಎಲ್ಲಿಗೆ? ವಿಶ್ವವಿದ್ಯಾಲಯಕ್ಕಲ್ಲ, ಶಿಶುಕೇಂದ್ರಕ್ಕೆ. 1982ರಲ್ಲಿ ‘ಕೊಹಾಂಗಾ ರೆಯೊ’ ಎಂಬ ಕೇಂದ್ರಗಳು ಶುರುವಾದವು. ಅಜ್ಜ-ಅಜ್ಜಿಯರು ಬಂದು ಕೂತು ಮಕ್ಕಳ ಜೊತೆ ಮಾವೊರಿಯಲ್ಲೇ ಆಡಿದರು, ಹಾಡಿದರು, ಗದರಿದರು. ಕೆಲವೇ ವರ್ಷಗಳಲ್ಲಿ ಅಂಥ ನೂರಾರು ಕೇಂದ್ರಗಳಾದವು. 1987ರಲ್ಲಿ ಮಾವೊರಿಗೆ ಅಧಿಕೃತ ಭಾಷೆಯ ಸ್ಥಾನ ಸಿಕ್ಕಿತು. 1996ರಲ್ಲಿ ಆ ದೇಶ ಎಳೆಯ ಮಕ್ಕಳಿಗಾಗಿ ರೂಪಿಸಿದ ‘ತೆ ಫಾರಿಕಿ’ ಪಠ್ಯಕ್ರಮದ ಐದು ಎಳೆಗಳಲ್ಲಿ ‘ತನ್ನವರೊಂದಿಗೆ ಸೇರಿರುವುದು’ ಎಂಬುದೂ ಒಂದು. ಆಸ್ಟ್ರೇಲಿಯಾ ಎಳೆಯ ಮಕ್ಕಳ ಕಲಿಕೆಗೆಂದು 2009ರಲ್ಲಿ ತಂದ ತನ್ನ ಚೌಕಟ್ಟಿನ ಹೆಸರಿನಲ್ಲೇ ಅದನ್ನು ಮೊದಲಿಗೆ ಇಟ್ಟಿತು.

ಎಳೆಯ ಮಕ್ಕಳಿಗೆ ಗುರುತಿನ ಗೊಡವೆ ಏಕೆ ಎನ್ನುವವರಿಗೆ 1940ರ ದಶಕದ ಗೊಂಬೆಗಳನ್ನು ನೆನಪಿಸಬೇಕು. ಅಮೆರಿಕದ ಮನೋವಿಜ್ಞಾನಿಗಳಾದ ಕೆನೆತ್ ಮತ್ತು ಮೇಮಿ ಕ್ಲಾರ್ಕ್ ದಂಪತಿ ಕಪ್ಪು ಮಕ್ಕಳ ಮುಂದೆ ಬಣ್ಣವೊಂದು ಬಿಟ್ಟು ಉಳಿದೆಲ್ಲದರಲ್ಲೂ ಒಂದೇ ಆಗಿದ್ದ ಗೊಂಬೆಗಳನ್ನಿಟ್ಟು, ಚೆಂದದ್ದು ಯಾವುದು, ಕೆಟ್ಟದ್ದು ಯಾವುದು ಎಂದು ಕೇಳಿದರು. ಮಕ್ಕಳ ವಯಸ್ಸು ಮೂರರಿಂದ ಏಳು. ಹೆಚ್ಚಿನವರು ಚೆಂದದ್ದೆಂದು ತೋರಿಸಿದ್ದು ಬಿಳಿ ಗೊಂಬೆಯನ್ನು. ಶಾಲೆಗಳಲ್ಲಿ ಬಣ್ಣದ ಆಧಾರದ ಪ್ರತ್ಯೇಕತೆಯನ್ನು ಅಮೆರಿಕದ ಸುಪ್ರೀಂ ಕೋರ್ಟ್ 1954ರಲ್ಲಿ ತಳ್ಳಿಹಾಕಿದಾಗ ಕ್ಲಾರ್ಕ್ ಅವರ ಕೆಲಸವನ್ನೂ ಉಲ್ಲೇಖಿಸಿತು. ನಾವು ಬಾಯಿ ಮುಚ್ಚಿಕೊಂಡಿದ್ದರೆ ಮಗು ಏನನ್ನೂ ಗಮನಿಸುವುದಿಲ್ಲ ಎಂಬ ನಂಬಿಕೆ ದೊಡ್ಡವರ ಅನುಕೂಲಕ್ಕೆ ಹುಟ್ಟಿದ್ದು.

ಊರಿನ ವಿಷಯಕ್ಕೂ ಇದೇ ಮಾತು. ಮಕ್ಕಳನ್ನು ಶಾಲೆಯ ಸುತ್ತ ಒಂದು ಸುತ್ತು ಕರೆದುಕೊಂಡು ಹೋಗಿ, ಬಂದ ಮೇಲೆ ನಕ್ಷೆ ಬರೆಯಿರಿ ಎನ್ನಿ. ಅಂಥ ಒಂದು ನಕ್ಷೆಯಲ್ಲಿ ನಾಯಿಯಿರುವ ಮನೆಯ ಗೇಟು ಶಾಲೆಗಿಂತ ದೊಡ್ಡದಾಗಿತ್ತು. ಚರಂಡಿಗೆ ನೀಲಿ ಬಳಿದು ಮೀನು ಬಿಟ್ಟಿದ್ದರು. ದೂರ, ಎತ್ತರ, ಎಡ-ಬಲ ಎಲ್ಲವನ್ನೂ ಆ ಹಾಳೆಯ ಮೇಲೆಯೇ ಕಲಿಸಬಹುದು. ಕಾಣದ ಊರಿನ ಅಚ್ಚು ಹಾಕಿದ ಚಿತ್ರದಲ್ಲಿ ಆ ಗೇಟು ಎಲ್ಲಿ ಸಿಗಬೇಕು?

ವಿಶ್ವಸಂಸ್ಥೆಯ 1989ರ ಮಕ್ಕಳ ಹಕ್ಕುಗಳ ಒಡಂಬಡಿಕೆಯ 29ನೇ ವಿಧಿಯೂ ಮಗುವಿನ ತಂದೆತಾಯಿ, ಅದರ ಸಾಂಸ್ಕೃತಿಕ ಗುರುತು, ಭಾಷೆ, ಮೌಲ್ಯಗಳ ಬಗ್ಗೆ ಗೌರವ ಬೆಳೆಸುವುದು ಶಿಕ್ಷಣದ ಗುರಿ ಎನ್ನುತ್ತದೆ. ಆಗಾಗ ಊರು ಬದಲಿಸುವ ಕುಟುಂಬಗಳ ಮಕ್ಕಳ ಗತಿಯೇನು ಎಂದು ಪ್ರತಿ ತರಬೇತಿಯಲ್ಲೂ ಒಬ್ಬರಾದರೂ ಕೇಳುತ್ತಾರೆ. ಅದಕ್ಕೆ ಬೇರೆಯೇ ಕ್ರಮಗಳಿವೆ, ಇಲ್ಲಿ ಅಷ್ಟು ಜಾಗವಿಲ್ಲ. ಎಲ್ಲ ಮಕ್ಕಳನ್ನೂ ಒಂದೇ ಅಚ್ಚಿನಲ್ಲಿ ಒತ್ತಿ ತೆಗೆಯಬೇಕೆನ್ನುವವರು ಆ ಮಕ್ಕಳ ಹೆಸರಿನಲ್ಲಿ ಕಣ್ಣೀರು ಹಾಕುವುದಂತೂ ವಿಚಿತ್ರ.

ವಿರೋಧ: ಯಾವ ಮನೆಯ ಮಗು ಎಂದು ಕೇಳದ ಜಾಗ ಒಂದಾದರೂ ಇರಲಿ

ಯಾರ ಮಗು, ಯಾವ ಊರು, ಮನೆಯಲ್ಲಿ ಆಡುವ ಮಾತು ಯಾವುದು? ಕೆಲಸಕ್ಕೆ ಅರ್ಜಿ ಹಾಕಿದರೂ, ಬಾಡಿಗೆಗೆ ಮನೆ ಹುಡುಕಿದರೂ, ರೈಲಿನಲ್ಲಿ ಸುಮ್ಮನೆ ಕೂತರೂ ಈ ಪ್ರಶ್ನೆಗಳು ಬೆನ್ನು ಬಿಡುವುದಿಲ್ಲ. ಬದುಕಿಡೀ ಉತ್ತರ ಕೊಡುವುದು ಇದ್ದೇ ಇದೆ. ಮೂರು-ನಾಲ್ಕು ವರ್ಷದವರಿಗೆ ದಿನದಲ್ಲಿ ಕೆಲವು ಗಂಟೆ ಇವುಗಳಿಂದ ಬಿಡುವು ಕೊಟ್ಟರೆ ಯಾರ ಗಂಟು ಹೋಗುತ್ತದೆ?

1907ರಲ್ಲಿ ಮರಿಯಾ ಮಾಂಟೆಸ್ಸರಿ ರೋಮ್ ನಗರದ ಸ್ಯಾನ್ ಲೊರೆಂಜೊ ಎಂಬ ಬಡವರ ಬಡಾವಣೆಯಲ್ಲಿ ತಮ್ಮ ಮೊದಲ ‘ಮಕ್ಕಳ ಮನೆ’ ತೆರೆದರು. ಮುಂದೆ ಅವರ ಪದ್ಧತಿಯ ಗುರುತೇ ಆದ ಗುಲಾಬಿ ಗೋಪುರವನ್ನು ನೋಡಿ. ಮರದ ಹತ್ತು ಘನಗಳು, ಚಿಕ್ಕದರ ಅಂಚು ಒಂದು ಸೆಂಟಿಮೀಟರ್, ದೊಡ್ಡದರದು ಹತ್ತು. ಅವಕ್ಕೆ ಊರಿಲ್ಲ, ಅಜ್ಜನಿಲ್ಲ. ತಪ್ಪಾಗಿ ಪೇರಿಸಿದರೆ ಗೋಪುರವೇ ಹೇಳುತ್ತದೆ, ಪೇರಿಸಿದವನ ಕುಲಗೋತ್ರ ಅದಕ್ಕೆ ಬೇಡ. ಜಗತ್ತಿನ ಎಷ್ಟೋ ದೇಶಗಳಿಗೆ ಅದು ಹೋಯಿತು, ಹೋದಲ್ಲೆಲ್ಲ ಮಕ್ಕಳು ಅದರ ಮುಂದೆ ನಾಲಿಗೆ ಕಚ್ಚಿಕೊಂಡು ಕೂತರು.

ಈಗ ನನ್ನ ಮನೆಯ ಸಂಗತಿ. ಮಗಳಿಗೆ ನಾಲ್ಕು ವರ್ಷವಿದ್ದಾಗ ಶಾಲೆಯಿಂದ ಒಂದು ಹಾಳೆ ಬಂತು. ಅದರಲ್ಲಿ ಮರದ ಚಿತ್ರ, ಬುಡದಲ್ಲಿ ಬೇರುಗಳು, ಪ್ರತಿ ಬೇರಿಗೂ ಒಂದು ಖಾಲಿ ಗೆರೆ: ನನ್ನ ಊರು, ನನ್ನ ಭಾಷೆ, ನನ್ನ ಅಜ್ಜನ ಊರು. ನನ್ನ ಮನೆಮಾತು ಒಂದು, ನನ್ನ ಗಂಡನದು ಇನ್ನೊಂದು, ನಾವಿಬ್ಬರೂ ಜಗಳವಾಡುವುದು ಮೂರನೆಯದರಲ್ಲಿ. ಮಗಳು ಹುಟ್ಟಿದ ಊರನ್ನು ಕೈಕೂಸಾಗಿದ್ದಾಗಲೇ ಬಿಟ್ಟಿದ್ದಳು. ಗೆರೆ ಮಾತ್ರ ಒಂದೊಂದೇ. ನಮ್ಮ ಊರನ್ನೇ ಬರೆ ಎಂದು ಗಂಡ ಹೇಳಿದರು, ಅತ್ತೆ ಫೋನಿನಲ್ಲೇ ಅದರ ಕಾಗುಣಿತ ತಿದ್ದಿಸಿದರು. ಬರೆದು ಕಳಿಸಿದೆ.

ವರ್ಷದ ಕೊನೆಯ ಕಾರ್ಯಕ್ರಮಕ್ಕೆ ಆ ಹಾಳೆ ನೋಡಿಯೇ ಗುಂಪು ಮಾಡಿದ್ದರು. ಇವಳು ಒಮ್ಮೆಯೂ ಕಾಲಿಡದ ಊರಿನ ಗುಂಪಿನಲ್ಲಿ, ಇವಳಿಗೆ ಬಾರದ ಭಾಷೆಯ ಹಾಡಿಗೆ ಬಾಯಾಡಿಸುತ್ತ ನಿಲ್ಲಬೇಕಿತ್ತು. ದಿನವೂ ಜೊತೆಯಲ್ಲಿ ಕೂರುತ್ತಿದ್ದ ಗೆಳತಿ ವೇದಿಕೆಯ ಆ ತುದಿಯಲ್ಲಿ, ಬೇರೆ ಬಣ್ಣದ ಉಡುಪಿನಲ್ಲಿ. ಹಾಡು ಅರ್ಧಕ್ಕೆ ಬಂದಾಗ ಮಗಳು ಸಾಲು ಬಿಟ್ಟು ಆ ತುದಿಗೆ ನಡೆದಳು. ಶಿಕ್ಷಕಿ ಕೈಹಿಡಿದು ಕರೆತಂದರು. ಮತ್ತೆ ನಡೆದಳು. ಸಭೆಯೆಲ್ಲ ನಕ್ಕಿತು. ರಾತ್ರಿ ಊಟಕ್ಕೆ ಕೂತಾಗ ಕೇಳಿದಳು: “ನಾನು ಆ ಗುಂಪಿನವಳು ಎಂದು ಟೀಚರಿಗೆ ಯಾರು ಹೇಳಿದರು?” ಅಪ್ಪ ತಮ್ಮ ಊರಿನ ಹೊಳೆ, ಮನೆ, ಅಟ್ಟದ ಕಥೆಯನ್ನೆಲ್ಲ ಹೇಳಿ ಸಮಾಧಾನ ಮಾಡಲು ನೋಡಿದರು. ಪೂರ್ತಿ ಕೇಳಿ, ಅವಳು ಅಂದದ್ದು: “ಅಲ್ಲಿ ನನ್ನ ಗೆಳತಿ ಇದ್ದಾಳಾ?” ಮಗು ಎಲ್ಲಿಗೆ ಸೇರಿದ್ದು ಎಂದು ಇದಕ್ಕಿಂತ ಸ್ಪಷ್ಟವಾಗಿ ಯಾವ ಪಠ್ಯಕ್ರಮ ಹೇಳಿದೆಯೋ ನಾನು ಕಾಣೆ.

ಇದನ್ನು ಒಂದು ಶಾಲೆಯ ಅವಿವೇಕ ಎಂದು ತಳ್ಳಿಹಾಕುವವರು ಅಂಗಿಗಳ ಪ್ರಯೋಗವನ್ನು ಗಮನಿಸಲಿ. 1990ರ ದಶಕದಲ್ಲಿ ಅಮೆರಿಕದ ಮನೋವಿಜ್ಞಾನಿ ರೆಬೆಕ್ಕಾ ಬಿಗ್ಲರ್ ಮತ್ತು ಸಂಗಡಿಗರು ಬೇಸಿಗೆ ಶಾಲೆಯೊಂದರಲ್ಲಿ ಮಕ್ಕಳಿಗೆ ಹಳದಿ ಇಲ್ಲವೇ ನೀಲಿ ಅಂಗಿ ತೊಡಿಸಿದರು. ಕೆಲವು ತರಗತಿಗಳಲ್ಲಿ ಶಿಕ್ಷಕರು ಬಣ್ಣದ ಮಾತೇ ಎತ್ತಲಿಲ್ಲ. ಉಳಿದವುಗಳಲ್ಲಿ ಮಕ್ಕಳನ್ನು ಕರೆಯುವುದು, ಕೂರಿಸುವುದು, ಕೆಲಸ ಹಂಚುವುದು ಎಲ್ಲವೂ ಬಣ್ಣದ ಪ್ರಕಾರ. ಹೀಗೆ ವಿಂಗಡಿಸಿದ ತರಗತಿಗಳ ಮಕ್ಕಳು ತಮ್ಮ ಬಣ್ಣದವರೇ ಮೇಲು ಎನ್ನತೊಡಗಿದರು, ಸುಮ್ಮನೆ ಬಿಟ್ಟಲ್ಲಿ ಹಾಗಾಗಲಿಲ್ಲ. ಅಂಗಿಗೇ ಈ ಗತಿಯಾದರೆ ಊರು, ಭಾಷೆಗಳ ಪಟ್ಟಿ ಕಟ್ಟಿ ಗೋಡೆಗೆ ಅಂಟಿಸಿದಾಗ ಏನಾದೀತು? ಆ ಮಕ್ಕಳು ಆರೇಳು ವರ್ಷ ದಾಟಿದವರು, ಶಿಶುವಿಹಾರದವರಲ್ಲ ಎಂದು ಎದುರು ಪಕ್ಷ ತಕರಾರು ತೆಗೆಯಬಹುದು. ತೆಗೆಯಲಿ.

ಗೊಂಬೆಗಳ ಕಥೆಯನ್ನು ಅವರು ಎತ್ತಿಯೇ ಎತ್ತುತ್ತಾರೆ. ಅದು ಜನರನ್ನು ಬಣ್ಣದಿಂದ ಬೇರ್ಪಡಿಸಿದ ಸಮಾಜದ ಕಥೆ, ಶಿಶುವಿಹಾರದ ಪಠ್ಯದ್ದಲ್ಲ. 29ನೇ ವಿಧಿಯನ್ನೂ ಎತ್ತುತ್ತಾರೆ, ಆದರೆ ಅರ್ಧ ಓದಿ ಕೈಬಿಡುತ್ತಾರೆ. ತನ್ನದಲ್ಲದ ನಾಗರಿಕತೆಗಳ ಬಗ್ಗೆಯೂ ಗೌರವ ಬೆಳೆಸಬೇಕು ಎಂದು ಅದೇ ವಾಕ್ಯ ಮುಂದುವರಿಯುತ್ತದೆ.

ಹಾಗಾದರೆ ಮಗುವಿಗೆ ತರಗತಿ ತನ್ನದೆನಿಸುವುದು ಹೇಗೆ? ಷಿಕಾಗೊದ ಶಿಶುವಿಹಾರದ ಶಿಕ್ಷಕಿ ವಿವಿಯನ್ ಪೇಲಿ, ದೊಡ್ಡ ತರಗತಿಗಳ ಮಕ್ಕಳೊಂದಿಗೂ ಚರ್ಚಿಸಿ, ತಮ್ಮ ತರಗತಿಯಲ್ಲಿ ಒಂದು ನಿಯಮ ತಂದರು: ನೀನು ಆಟಕ್ಕೆ ಬರಬೇಡ ಎಂದು ಯಾರೂ ಯಾರಿಗೂ ಹೇಳುವಂತಿಲ್ಲ. ಯಾರ ಊರು ಯಾವುದೆಂದು ಆ ನಿಯಮಕ್ಕೆ ಗೊತ್ತಿರಬೇಕಾಗಿಲ್ಲ. ಮೂಲೆಯಲ್ಲಿ ಒಂಟಿಯಾಗಿ ನಿಂತ ಮಗುವಿಗೆ ಬೇಕಾದದ್ದು ಆಟದಲ್ಲಿ ಒಂದು ಪಾತ್ರ. ಅದರ ಬೇರುಗಳ ಬಗ್ಗೆ ದೊಡ್ಡವರು ಬರೆದ ಟಿಪ್ಪಣಿಯಿಂದ ಅದಕ್ಕೇನೂ ಆಗಬೇಕಾಗಿಲ್ಲ.

ಮನೆಮಾತಿನ ಪ್ರಶ್ನೆಯೇ ಬೇರೆ, ಅದನ್ನು ಈ ಚರ್ಚೆಗೆ ಎಳೆಯುವುದು ಸರಿಯಲ್ಲ. ನಾನು ಕೇಳುತ್ತಿರುವುದು ಇಷ್ಟೇ: ಆ ಬೇರಿನ ಹಾಳೆಯನ್ನು ಕೈಬಿಡಿ. ದಾಖಲಾತಿಯ ದಿನ ಏನಾದರೂ ಕೇಳಲೇಬೇಕೆಂದಿದ್ದರೆ, ಮಗು ಯಾವುದಕ್ಕೆ ಹೆದರುತ್ತದೆ, ಅತ್ತರೆ ಹೇಗೆ ಸುಮ್ಮನಾಗುತ್ತದೆ, ಬಾಯಾರಿದರೆ, ಶೌಚಕ್ಕೆ ಹೋಗಬೇಕೆನಿಸಿದರೆ ಮನೆಯಲ್ಲಿ ಯಾವ ಪದ ಬಳಸುತ್ತದೆ ಎಂದು ಕೇಳಿ ಬರೆದುಕೊಳ್ಳಲಿ. ಮೊದಲ ವಾರದಲ್ಲೇ ಶಿಕ್ಷಕಿಯ ಕೆಲಸಕ್ಕೆ ಬರುವ ಮಾಹಿತಿ ಅದು.