ಸ್ಪಷ್ಟನೆ: ಬ್ಯಾಟರಿ ಇಲ್ಲದ ಸೋಲಾರ್ ಫ್ರಿಜ್‌ನಲ್ಲಿ ಲಸಿಕೆ ರಾತ್ರಿ ಕೆಡುವುದಿಲ್ಲ

"ಆಫ್ರಿಕಾದ ಹಳ್ಳಿ ಆಸ್ಪತ್ರೆಗಳಿಗೆ ಬ್ಯಾಟರಿಯೇ ಇಲ್ಲದ ಸೋಲಾರ್ ಫ್ರಿಜ್ ಕೊಟ್ಟಿದ್ದಾರೆ, ಹೊತ್ತು ಮುಳುಗಿದ ಮೇಲೆ ಲಸಿಕೆಯೆಲ್ಲ ಹಾಳು" ಎಂಬ ಸಂದೇಶ ಓಡಾಡುತ್ತಿದೆ. ಬ್ಯಾಟರಿ ಇಲ್ಲದ ಫ್ರಿಜ್‌ಗಳು ಇರುವುದು ನಿಜ. ಲಸಿಕೆ ಹಾಳಾಗುತ್ತದೆ ಅನ್ನುವುದು ತಪ್ಪು.

ಈ ಫ್ರಿಜ್ ಕರೆಂಟಿನ ಬದಲು ತಂಪನ್ನೇ ಕೂಡಿಡುತ್ತದೆ. ಹಗಲು ಪ್ಯಾನೆಲ್‌ನ ಕರೆಂಟಿನಿಂದ ಕಂಪ್ರೆಸರ್ ಓಡಿ, ಒಳಗೋಡೆಯಲ್ಲಿರುವ ನೀರನ್ನೋ ಅಂಥದ್ದೇ ಬೇರೆ ದ್ರವವನ್ನೋ ಹೆಪ್ಪುಗಟ್ಟಿಸುತ್ತದೆ. ರಾತ್ರಿ ಅದು ನಿಧಾನವಾಗಿ ಕರಗುತ್ತಾ ಲಸಿಕೆಯನ್ನು 2ರಿಂದ 8 ಡಿಗ್ರಿ ಸೆಲ್ಸಿಯಸ್ ನಡುವೆ ಇಡುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಒಪ್ಪಿಗೆ ಸಿಗಬೇಕಾದರೆ ಬಿಸಿಲೇ ಇಲ್ಲದೆ ಕನಿಷ್ಠ 3 ದಿನ ತಾಳಬೇಕು. ಮೋಡ ಕವಿದ ದಿನಗಳ ಲೆಕ್ಕವೂ ಅದರಲ್ಲೇ ಬಂತು.

ಬ್ಯಾಟರಿಯನ್ನು ಸುಮ್ನೆ ಕೈಬಿಟ್ಟಿಲ್ಲ. ಹಳೆಯ ಸೋಲಾರ್ ಫ್ರಿಜ್‌ಗಳಲ್ಲಿ ಜಾಸ್ತಿ ಕೈಕೊಡುತ್ತಿದ್ದದ್ದೇ ಅದು. ಕೆಲವೇ ವರ್ಷಕ್ಕೆ ಅದು ಸತ್ತರೆ, ದೂರದ ಊರಿಗೆ ಹೊಸದನ್ನು ತರಿಸಲು ದುಡ್ಡು ಎಲ್ಲಿಂದ ಬರಬೇಕು? ಫ್ರಿಜ್ ಮೂಲೆ ಸೇರುತ್ತಿತ್ತು.

ಹಾಗಂತ ಫ್ರಿಜ್ ಬಂದರೆ ಆಸ್ಪತ್ರೆಗೆ ಕರೆಂಟ್ ಬಂದಂತಲ್ಲ. ನಡುರಾತ್ರಿ ಹೆರಿಗೆ ಮಾಡಿಸಲು ದೀಪ ಬೇಕು, ಉಸಿರು ಕಟ್ಟಿದ ಮಗುವಿಗೆ ಆಕ್ಸಿಜನ್ ಯಂತ್ರ ಬೇಕು. ಸೋಲಾರ್ ಒಂದನ್ನೇ ನೆಚ್ಚಿದ ಕಡೆ ಇವಕ್ಕೆ ಬ್ಯಾಟರಿ ಬೇಕೇ ಬೇಕು. ಬಡ ಮತ್ತು ಕೆಳಮಧ್ಯಮ ಆದಾಯದ ದೇಶಗಳಲ್ಲಿ ಸುಮಾರು 100 ಕೋಟಿ ಜನರ ಪಾಲಿನ ಆಸ್ಪತ್ರೆಗಳಲ್ಲಿ ಕರೆಂಟ್ ಇಲ್ಲ, ಇದ್ದರೂ ನೆಚ್ಚುವಂತಿಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ, ವಿಶ್ವ ಬ್ಯಾಂಕ್ ಮತ್ತಿತರರ 2023ರ ವರದಿ ಹೇಳುತ್ತದೆ. ಚಿಂತೆ ಮಾಡಬೇಕಾದದ್ದು ಇದಕ್ಕೆ, ಅಲ್ವಾ? ಬಡ ದೇಶಗಳಿಗೆ ಲಸಿಕೆ ಒದಗಿಸುವ ಗಾವಿ ಒಕ್ಕೂಟ ಮತ್ತು ಯುನಿಸೆಫ್ ಸೇರಿ ಇಥಿಯೋಪಿಯಾ, ಪಾಕಿಸ್ತಾನ, ಉಗಾಂಡಾ, ಜಾಂಬಿಯಾಗಳಲ್ಲಿ ಇಡೀ ಆಸ್ಪತ್ರೆಗೇ ಸೋಲಾರ್ ಹಾಕುವ ಕೆಲಸ ಹಿಡಿದಿರುವುದು ಇದೇ ಕಾರಣಕ್ಕೆ.